ಹೊಸ ಡಾಂಬರಿಗೆ ಒಂದು ಬೇಸಿಗೆ ಕಳೆಯಲಿ

ಮಗಾ, ಹಾಸನದ ಮನೆಗೆ ಗೇಟಿನಿಂದ ಬಾಗಿಲವರೆಗೆ ಡಾಂಬರು ಹಾಕಿಸಿದ್ದೀಯ, ಒಳ್ಳೇದಾಯ್ತು. ವಾರ ತುಂಬೋದರೊಳಗೆ ಬೈಕಿನ ಸೈಡ್ ಸ್ಟ್ಯಾಂಡ್ ಹೂತುಹೋಯ್ತು, ಚಪ್ಪಲಿಗೆ ಟಾರು ಅಂಟ್ತಿದೆ, ಕಾಂಟ್ರಾಕ್ಟರ್ ಮೋಸ ಮಾಡಿದ ಅಂತ ಕೊರಗ್ತಿದ್ದೀಯಂತೆ. ಅವನ ಮೇಲೆ ಜಗಳಕ್ಕೆ ಹೋಗೋಕೆ ಮುಂಚೆ ಇದಿಷ್ಟು ಕೇಳು.

ಡಾಂಬರು ಸಿಮೆಂಟಿನ ಥರ ನೀರು ಕುಡಿದು ಗಟ್ಟಿಯಾಗೋದಲ್ಲ. ಕಾಯಿಸಿದರೆ ಕರಗುತ್ತೆ, ಆರಿದರೆ ಬಿಗಿಯುತ್ತೆ, ಮತ್ತೆ ಕಾದರೆ ಮತ್ತೆ ಸಡಿಲವಾಗುತ್ತೆ. ರಸ್ತೆಗೆ ಹೆಚ್ಚಾಗಿ ಬಳಸೋ ವಿಜಿ-30 ಡಾಂಬರಿನ ಮೆದುವಾಗುವ ಶಾಖ ಕನಿಷ್ಠ 47 ಡಿಗ್ರಿ ಇರಬೇಕು ಅನ್ನುತ್ತೆ ಸರ್ಕಾರದ ಮಾನಕ. ಏಪ್ರಿಲ್‌ನಲ್ಲಿ ನೆರಳಲ್ಲಿ 35 ಡಿಗ್ರಿ ಇದ್ದರೂ ಕಪ್ಪು ನೆಲ ಬಿಸಿಲು ಹೀರಿ 55 ದಾಟಬಹುದು. ಹಾಗಾಗಿ ಮಧ್ಯಾಹ್ನ ಅದು ಮೆತ್ತಗಾಗೋದು ಅದರ ಗುಣ. ಗಾಳಿ ತಾಗಿ ತಾಗಿ ಮೇಲ್ಮೈ ಬಿಗಿಯೋಕೆ ತಿಂಗಳುಗಟ್ಟಲೆ ಬೇಕು.

ಚನ್ನರಾಯಪಟ್ಟಣದಿಂದ ಹಾಸನಕ್ಕೆ ಹಗಲೂ ರಾತ್ರಿ ಲಾರಿ ಓಡುತ್ತಲ್ಲ, ಅಲ್ಲಿ ಯಾಕೆ ಹೀಗಾಗಲ್ಲ ಅಂತ ಕೇಳ್ತೀಯ. ಅಲ್ಲಿ ಪದರ ದಪ್ಪ, ರೋಲರ್ ಭಾರ, ಚಕ್ರ ಉರುಳಿಕೊಂಡು ಹೋಗುತ್ತೆ. ನಿನ್ನ ಅಂಗಳದಲ್ಲಿ ಬೈಕಿನ ಭಾರವೆಲ್ಲ ರೂಪಾಯಿ ಬಿಲ್ಲೆಯಗಲದ ಕಬ್ಬಿಣದ ಮೇಲೆ ಗಂಟೆಗಟ್ಟಲೆ ನಿಲ್ಲುತ್ತೆ. ಸ್ಟ್ಯಾಂಡಿನ ಕೆಳಗೆ ಒಂದು ಹಲಗೆ ತುಂಡು ಇಡು. ಕಾರು ನಿಂತಲ್ಲೇ ಸ್ಟೀರಿಂಗ್ ತಿರುಗಿಸಬೇಡ, ಜಲ್ಲಿ ಕಿತ್ತುಬರುತ್ತೆ. ಚೂರು ಚಲಿಸುತ್ತಾ ತಿರುಗಿಸು. ದಿನಾ ಒಂದೇ ಜಾಗದಲ್ಲಿ ನಿಲ್ಲಿಸಬೇಡ. ಮೇ ತಿಂಗಳಲ್ಲಿ ಬಿತ್ತನೆ ಆಲೂಗಡ್ಡೆಗೆ ಅಂತ ಅರಕಲಗೂಡಿನಿಂದ ಮಾವ ಬರ್ತಾರಲ್ಲ, ಅವರ ಟ್ರ್ಯಾಕ್ಟರ್ ಈ ವರ್ಷ ರಸ್ತೆ ಬದಿಯಲ್ಲೇ ನಿಲ್ಲಲಿ. ಟ್ರೈಲರ್ ಭಾರಕ್ಕಿಂತ ನನಗೆ ಡೀಸೆಲ್ ತೊಟ್ಟಿಕ್ಕೋದರ ಭಯ ಜಾಸ್ತಿ. ಡಾಂಬರೂ ಕಚ್ಚಾತೈಲದ ಕೂಸೇ, ಡೀಸೆಲ್ ಬಿದ್ದಲ್ಲಿ ಅದು ಕರಗಿ ಜಲ್ಲಿ ಬಿಟ್ಟುಕೊಡುತ್ತೆ. ಬಿದ್ದರೆ ತಕ್ಷಣ ಮರಳೋ ಮರದ ಹೊಟ್ಟೋ ಹಾಕಿ ಹೀರಿಸಿ, ಆಮೇಲೆ ಸೋಪಿನ ನೀರಲ್ಲಿ ತೊಳೆ.

ಕಪ್ಪಗೆ ಹೊಳೆದು ಜಿನುಗೋ ಕಡೆ ಒಣಗಿದ ಕ್ರಷರ್ ಪುಡಿ ತೆಳ್ಳಗೆ ಎರಚು, ಅದು ಒಳಗೆ ಕೂತಮೇಲೆ ಉಳಿದದ್ದು ಗುಡಿಸು. ನೀರು ಚೆಲ್ಲಿದರೆ ಒಂದಿಷ್ಟು ಹೊತ್ತು ತಂಪು, ಅಷ್ಟೇ. ಮೇಲೆ ಇನ್ನೊಂದು ಕೋಟ್ ಬಳಿಸೋ ಆತುರ ಮಾತ್ರ ಬೇಡ. ಜಿನುಗೋದಕ್ಕೆ ಇನ್ನಷ್ಟು ಎಣ್ಣೆ ಸುರಿದ ಹಾಗಾಗುತ್ತೆ.

ಇನ್ನು ನಿಜವಾದ ತಪ್ಪು ಯಾವುದು? ಬೆಳಿಗ್ಗೆ ಆರು ಗಂಟೆಗೆ ಎದ್ದು ಹೋಗಿ ಹಿಮ್ಮಡಿಯಲ್ಲಿ ಒತ್ತಿ ನೋಡು. ಆ ತಂಪಿನಲ್ಲೂ ಒಳಗೆ ಇಳಿದರೆ, ಅಥವಾ ಕೈಯಲ್ಲಿ ಕೆದಕಿದರೆ ಜಲ್ಲಿ ಉದುರಿದರೆ, ಆಗ ಅವನನ್ನು ಕರೆಸು. ತಳದ ಮಣ್ಣು ದಮ್ಮಸ್ಸು ಮಾಡಿಲ್ಲ ಅಂದರೆ ಚಕ್ರದ ಜಾಡೇ ಹಳ್ಳವಾಗುತ್ತೆ. ಅಂಚಿಗೆ ಕಲ್ಲು ಕಟ್ಟಿಲ್ಲದಿದ್ದರೆ ಅಂಚು ಮುರಿಯುತ್ತೆ. ಮಿಕ್ಸು ಆರಿಹೋಗಿದ್ದರೆ ಎಷ್ಟು ರೋಲರ್ ಉರುಳಿಸಿದರೂ ಕೂರಲ್ಲ. ಹೊಳೆನರಸೀಪುರದಲ್ಲಿ ನಿನ್ನ ತಮ್ಮನೂ ಹಾಕಿಸಬೇಕು ಅಂತಿದ್ದಾನೆ. ರಸ್ತೆ ಕೆಲಸದಲ್ಲಿ ಉಳಿದ ಮಿಕ್ಸು ಅಗ್ಗಕ್ಕೆ ಹಾಕಿಕೊಡ್ತೀವಿ ಅಂತ ಬರೋರನ್ನ ಅವನು ಗೇಟಿನಿಂದಲೇ ಕಳಿಸಲಿ. ಮಳೆ ಮುಗಿದು ನೆಲ ಒಣಗಿದ ಮೇಲೆ, ಡಿಸೆಂಬರ್ ಜನವರಿಯಲ್ಲಿ ಹಾಕಿಸಲಿ. ತೆಂಗಿನ ಬುಡದ ಸುತ್ತ ನೀರು ಇಂಗೋಷ್ಟು ಮಣ್ಣು ಬಿಡಲಿ.

ಒಂದು ಮಾತು ಒತ್ತಿ ಹೇಳ್ತೀನಿ. ಆ ಕೆಲಸದವರು ನೂರೈವತ್ತು ಡಿಗ್ರಿ ಹತ್ತಿರದ ಬಿಸಿ ಮಿಕ್ಸಿನ ಪಕ್ಕ, ಎಷ್ಟೋ ಸಲ ಬರೀ ಹವಾಯಿ ಚಪ್ಪಲಿಯಲ್ಲಿ ನಿಂತಿರ್ತಾರೆ. ಬೂಟು, ಕೈಗವಸು ಇದೆಯಾ ಅಂತ ಮೊದಲೇ ಕೇಳಿ, ಇಲ್ಲದಿದ್ದರೆ ಕೊಡಿಸೋಕೆ ಹೇಳಬೇಕು. ಯಾರ ಮೈಮೇಲಾದರೂ ಬಿಸಿ ಟಾರು ಬಿದ್ದರೆ ಕೀಳೋಕೆ ಹೋಗಬಾರದು, ಚರ್ಮವೇ ಬರುತ್ತೆ. ಇಪ್ಪತ್ತು ನಿಮಿಷ ತಣ್ಣೀರು ಸುರಿದು ಹಾಗೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ನಿನ್ನ ಮಗೂನೂ ಮಧ್ಯಾಹ್ನ ಬರಿಗಾಲಲ್ಲಿ ಅಲ್ಲಿ ಆಡೋಕೆ ಬಿಡಬೇಡ. ಹುಣಸೆಹಣ್ಣು, ಹುರುಳಿ ಒಣಗಿಸೋದಿದ್ದರೆ ತಾರಸಿ ಮೇಲಾಗಲಿ, ತಿನ್ನೋ ಪದಾರ್ಥಕ್ಕೆ ಟಾರು ಸೋಕಬಾರದು.

ಕಾಂಟ್ರಾಕ್ಟರಿಗೆ ಕೊಡಬೇಕಾದ ಬಾಕಿ ಇದ್ದರೆ, ಮುಂಗಾರಿನ ಮೊದಲ ಜೋರು ಮಳೆವರೆಗೆ ತಡಿ ಅಂತ ಅವನ ಹತ್ತಿರ ನೇರವಾಗಿ ಮಾತಾಡಿಕೋ. ಮಳೆ ನಿಂತ ಮೇಲೆ ನೀರು ಎಲ್ಲೆಲ್ಲಿ ಮಡುಗಟ್ಟಿದೆಯೋ ಅಲ್ಲಿ ಸೀಮೆಸುಣ್ಣದಲ್ಲಿ ಗೆರೆ ಎಳೆದಿಡು. ಅವನು ಬಂದು ಅಷ್ಟನ್ನು ಸರಿಮಾಡಿದ ದಿನವೇ ಪೂರ್ತಿ ದುಡ್ಡು ಕೊಟ್ಟುಬಿಡು, ಮತ್ತೆ ಓಡಾಡಿಸಬೇಡ.