ಪಟಾಕಿಗೆ ಬೆದರುವ ನಾಯಿಯನ್ನು ಗದರಬೇಡಿ

ದೀಪಾವಳಿಯ ಸಂಜೆ ಮಂಚದಡಿ ನುಸುಳಿ ನಡುಗುವ ನಾಯಿಯನ್ನು ಹೊರಗೆಳೆದು ಧೈರ್ಯ ಕಲಿಸಲು ಹೋಗಬೇಡಿ. ಗದರಿದರೆ ಅಂಜಿಕೆ ಇನ್ನಷ್ಟು ಹೆಚ್ಚುತ್ತದೆ. ಪಟಾಕಿಯ ಸದ್ದು ನಾಯಿಗೆ ನಮಗಿಂತ ಬೇರೆಯಾಗಿ ಕೇಳಿಸುತ್ತದೆ: ನಮ್ಮ ಕಿವಿಗೆ ಸುಮಾರು 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿಸಿದರೆ, ಅದರ ಕಿವಿಗೆ ಸುಮಾರು 45,000ದವರೆಗೂ ಕೇಳಿಸುತ್ತದೆ.

ಕತ್ತಲಾಗುವ ಮೊದಲೇ ಸುತ್ತಾಡಿಸಿ, ಊಟ ಹಾಕಿಬಿಡಿ. ಒಳಕೋಣೆಯಲ್ಲಿ ಅದರ ಹಾಸಿಗೆ ಇಟ್ಟು, ಕಿಟಕಿ ಮುಚ್ಚಿ ಪರದೆ ಎಳೆಯಿರಿ. ಫ್ಯಾನೋ ಟಿವಿಯೋ ಓಡುತ್ತಿರಲಿ. ಸರಪಳಿಯಲ್ಲಿ ಕಟ್ಟಬೇಡಿ, ಗಾಬರಿಯಲ್ಲಿ ಎಳೆದಾಡಿ ಕುತ್ತಿಗೆಗೆ ಉರುಳಾದೀತು. ಬಾಗಿಲು ಭದ್ರವಿರಲಿ, ಕೊರಳಪಟ್ಟಿಯಲ್ಲಿ ನಿಮ್ಮ ಫೋನ್ ನಂಬರ್ ಇರಲಿ. ಪಕ್ಕಕ್ಕೆ ಬಂದು ಒರಗಿದರೆ ಮೈದಡವಿ. ಮುದ್ದಿಸಿದ್ದರಿಂದ ಭಯವೇನೂ ಬೆಳೆಯುವುದಿಲ್ಲ.

ನಿಮ್ಮ ನಿದ್ದೆಮಾತ್ರೆಯನ್ನಂತೂ ಕೊಡಲೇಬೇಡಿ. ಔಷಧ ಬೇಕೆನಿಸಿದರೆ ಹಬ್ಬಕ್ಕೆ ಮೊದಲೇ ಪಶುವೈದ್ಯರನ್ನು ಕಾಣಿ.