ಕಾರು ನೋಡೋಕೆ ಹೋಗುವಾಗ ನಿಮ್ಮಮ್ಮನ್ನೂ ಕರ್ಕೊಂಡು ಹೋಗು

ಮಗಾ, ತ್ಯಾಮಗೊಂಡ್ಲಿನಿಂದ ನೆಲಮಂಗಲಕ್ಕೆ ದಿನಾ ಓಡಾಡೋಕೆ ಸಣ್ಣ ಎಸ್‌ಯುವಿ ತಗೋತೀನಿ, ಪಂಚ್, ಎಕ್ಸ್‌ಟರ್, ನೆಕ್ಸಾನ್, ಬ್ರೆಜ್ಜಾ ನೋಡ್ತಿದ್ದೀನಿ ಅಂದೆ. ಅಡ್ವಾನ್ಸ್ ಕೊಡೋ ಮುಂಚೆ ಈ ದೊಡ್ಡಪ್ಪನ ನಾಲ್ಕು ಮಾತು ಕೇಳು.

• ಶೋರೂಮಿಗೆ ಒಬ್ಬನೇ ಹೋಗಬೇಡ. ನಿಮ್ಮಮ್ಮನಿಗೆ ಮಂಡಿ ನೋವು. ಹಿಂದಿನ ಸೀಟಲ್ಲಿ ಹತ್ತಿ, ಇಳಿದು, ಮತ್ತೆ ಹತ್ತಿ ನೋಡಲಿ. ಬಾಗಿಲು ಎಷ್ಟು ಅಗಲ ತೆರೆಯುತ್ತೆ, ಹಿಡ್ಕೊಳ್ಳೋಕೆ ಹಿಡಿ ಇದೆಯಾ ನೋಡು. ಸನ್‌ರೂಫ್ ಆಮೇಲೆ ನೋಡಿದರಾಯ್ತು.

• ಟೆಸ್ಟ್ ಡ್ರೈವಿಗೆ ಗಾಡಿ ಮನೆ ಹತ್ರಾನೇ ತರೋಕೆ ಹೇಳು. ಹೆದ್ದಾರೀಲಿ ಎಲ್ಲಾ ಗಾಡೀನೂ ಚೆನ್ನಾಗೇ ಓಡುತ್ತೆ. ನಮ್ಮ ಪೇಟೆ ಬೀದೀಲಿ, ಹೊಲದ ದಾರೀಲಿ, ಹಂಪ್ ಮೇಲೆ ಐದು ಜನ ಕೂತು ಓಡಿಸು. ನೆಕ್ಸಾನ್‌ಗೆ ನೆಲದಿಂದ 208 ಮಿಲಿಮೀಟರ್, ಎಕ್ಸ್‌ಟರ್‌ಗೆ 185 ಅಂತಾರೆ. ಜನ ಕೂತು, ಡಿಕ್ಕೀಲಿ ರಾಗಿ ಚೀಲ ಬಿದ್ದ ಮೇಲೆ ಗಾಡಿ ತಗ್ಗುತ್ತೆ, ಅದನ್ನ ಕಣ್ಣಾರೆ ನೋಡು.

• ಎಕ್ಸ್‌-ಶೋರೂಮ್ ಬೆಲೆ ನಂಬಿ ಕೂರಬೇಡ. ನಮ್ಮ ರಾಜ್ಯದಲ್ಲಿ 5ರಿಂದ 10 ಲಕ್ಷದ ಗಾಡಿಗೆ ರಸ್ತೆ ತೆರಿಗೆ ಶೇ 14, ಹತ್ತು ದಾಟಿದರೆ ಶೇ 17, ಆ ತೆರಿಗೆ ಮೇಲೆ ಶೇ 11 ಸೆಸ್. ಲೆಕ್ಕ ಹಾಕು: 9.95 ಲಕ್ಷದ ಗಾಡಿಗೆ ಸುಮಾರು 1.55 ಲಕ್ಷ, 10.10 ಲಕ್ಷದ್ದಕ್ಕೆ 1.90 ಲಕ್ಷ. ಗಾಡಿ ಬೆಲೇಲಿ ಬರೀ 15 ಸಾವಿರದ ವ್ಯತ್ಯಾಸ, ತೆರಿಗೇಲಿ 35 ಸಾವಿರ! ಹತ್ತರ ಗಡಿ ದಾಟಿದ್ದಕ್ಕೆ ಶೇ 1 ಟಿಸಿಎಸ್ ಬೇರೆ ಹಿಡೀತಾರೆ, ಅದನ್ನ ಐಟಿ ರಿಟರ್ನ್ಸ್‌ನಲ್ಲಿ ಮರೀದೆ ವಾಪಸ್ ತಗೋ.

• 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ, 1200 ಸಿಸಿ ಮೀರದ ಪೆಟ್ರೋಲ್ ಗಾಡಿಗೆ ಜಿಎಸ್‌ಟಿ ಶೇ 18. ಬ್ರೆಜ್ಜಾ ಉದ್ದದಲ್ಲಿ ಚಿಕ್ಕದೇ, ಆದರೆ ಎಂಜಿನ್ 1462 ಸಿಸಿ, ಹಾಗಾಗಿ ಶೇ 40ರ ಪಟ್ಟೀಲಿದೆ.

• ದಿನಾ ಇಷ್ಟು ಹತ್ತಿರದ ಓಡಾಟಕ್ಕೆ ಡೀಸೆಲ್ ಬೇಡವೇ ಬೇಡ. ಈಗಿನ ಡೀಸೆಲ್ ಗಾಡೀಲಿ ಹೊಗೆಯ ಮಸಿ ಹಿಡಿಯೋ ಫಿಲ್ಟರ್ ಇರುತ್ತೆ. ಎಂಜಿನ್ ಚೆನ್ನಾಗಿ ಬಿಸಿಯಾಗಿ ದೂರ ಓಡಿದರೆ ಮಾತ್ರ ಆ ಮಸಿ ಸುಟ್ಟು ಹೋಗೋದು. ಇಲ್ದಿದ್ರೆ ಕಟ್ಕೊಳ್ಳುತ್ತೆ, ಖರ್ಚು ದೊಡ್ಡದು.

• ಸಿಎನ್‌ಜಿ ಆದ್ರೆ ಮೊದಲು ಬಂಕ್ ಎಲ್ಲಿದೆ ನೋಡು, ಆಮೇಲೆ ಸಿಲಿಂಡರ್ ಹೋಗಿ ಎಷ್ಟು ಜಾಗ ಉಳಿದಿದೆ ಅಂತ ಡಿಕ್ಕಿ ತೆರೆದು ನೋಡು.

• ಸುರಕ್ಷತೆ ವಿಷಯದಲ್ಲಿ ಚೌಕಾಸಿ ಮಾಡಬೇಡಪ್ಪ. 2018ರಲ್ಲಿ ನೆಕ್ಸಾನ್ ಗ್ಲೋಬಲ್ ಎನ್‌ಕ್ಯಾಪ್ ಅಪಘಾತ ಪರೀಕ್ಷೇಲಿ ಐದು ಸ್ಟಾರ್ ತಗೊಂಡಾಗ, ನಮ್ಮ ದೇಶದಲ್ಲಿ ತಯಾರಾದ ಕಾರಿಗೆ ಅದೇ ಮೊದಲು. 2023ರ ಅಕ್ಟೋಬರಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಇದೆ. ನೀನು ಕೊಳ್ಳೋ ಮಾದರೀಲಿ ಏರ್‌ಬ್ಯಾಗ್ ಎಷ್ಟು ಅಂತ ಕೇಳು. ಹಿಂದೆ ಕೂತವರಿಗೂ ಬೆಲ್ಟ್ ಹಾಕಿಸು, ಊರೊಳಗೇ ಆದ್ರೂ.

• ನಾನು ಗಾಡಿ ತಗೊಂಡಾಗ ಹ್ಯಾಂಡ್ಲಿಂಗ್ ಚಾರ್ಜ್ ಅಂತ ಬಿಲ್ಲಲ್ಲಿ ಸೇರಿಸಿದ್ದರು, ತಿಳೀದೆ ಕೊಟ್ಟುಬಿಟ್ಟೆ. ನೀನು ಕೊಡಬೇಡ. ಇನ್ಶೂರೆನ್ಸೂ ಅವರ ಹತ್ರಾನೇ ಮಾಡಿಸಬೇಕಿಲ್ಲ, ಹೊರಗೆ ಎರಡು ಕಡೆ ಕೇಳು.

• ನೆಲಮಂಗಲದ ಕೆಎ 52 ನೋಂದಣಿ ಆಗೋ ಮುಂಚೇನೇ ಗಾಡಿ ಪರೀಕ್ಷೆ ಮಾಡು. ಟೈರ್ ಮೇಲೆ ನಾಲ್ಕು ಅಂಕಿ ಇರುತ್ತೆ: 1225 ಅಂದ್ರೆ 2025ರ ಹನ್ನೆರಡನೇ ವಾರದ್ದು. ಸ್ಟೆಪ್ನಿಯದ್ದೂ ಓದು. ಹಗಲು ಬೆಳಕಲ್ಲಿ ಹೋಗು, ನನ್ನನ್ನೂ ಕರಿ, ಬರ್ತೀನಿ.