ಹೊಳಪಿನ ಮೂಲ

ಪ್ಲಾಸ್ಟಿಕ್ ಮಾದರಿ ಕಾರಿಗೆ ಕನ್ನಡಿಯಂಥ ಹೊಳಪು ಬರುವುದು ಬಣ್ಣದ ದಪ್ಪದಿಂದಲ್ಲ, ಮೇಲ್ಮೈಯ ನುಣುಪಿನಿಂದ. ನುಣುಪಾದ ಮೈಮೇಲೆ ಬಿದ್ದ ಬೆಳಕಿನ ಕಿರಣಗಳು ಕ್ರಮವಾಗಿ ಪ್ರತಿಫಲಿಸುತ್ತವೆ. ಒರಟು ಮೈಮೇಲೆ ಚದುರಿಹೋಗುತ್ತವೆ.

ಇಂಥ ಕಾರಿನ ಭಾಗಗಳು ಸಾಮಾನ್ಯವಾಗಿ ಪಾಲಿಸ್ಟೈರೀನಿನವು. ಅಚ್ಚಿನ ಜಿಡ್ಡನ್ನು ಸಾಬೂನು ನೀರಿನಿಂದ ತೊಳೆದು, ಒಣಗಿಸಿ, ಪ್ಲಾಸ್ಟಿಕ್ಕಿಗೆ ಒಗ್ಗುವ ಪ್ರೈಮರನ್ನು ಮೊದಲು ಲೇಪಿಸತಕ್ಕದ್ದು. ತೀಕ್ಷ್ಣ ದ್ರಾವಕವುಳ್ಳ ಬಣ್ಣವನ್ನು ನೇರವಾಗಿ ಬಳಿದರೆ ಪಾಲಿಸ್ಟೈರೀನೇ ಕರಗಿ, ಮಾದರಿಯು ಶಾಶ್ವತವಾಗಿ ಕೆಡಬಹುದು.

ಬಣ್ಣವನ್ನು ಗಾಳಿಯಾಡುವ ಸ್ಥಳದಲ್ಲಿ ತೆಳುವಾದ ಪದರಗಳಾಗಿ ಸಿಂಪಡಿಸಬೇಕು. ದಪ್ಪ ಪದರವು ಕೆಳಗಿಳಿದು ಗೆರೆಗಟ್ಟುತ್ತದೆ. ಬಾಗಿಲಿನ ಸಂದುಗಳಂಥ ಸೂಕ್ಷ್ಮ ರೇಖೆಗಳನ್ನು ಮುಚ್ಚಿಬಿಡುತ್ತದೆ. ಬಣ್ಣದ ಮೇಲೆ ಪಾರದರ್ಶಕ ವಾರ್ನಿಷ್ ಲೇಪಿಸಿ, ಧೂಳು ತಾಗದಂತೆ ಮುಚ್ಚಿಡಬೇಕು. ಎನಾಮಲ್ ಬಣ್ಣವು ಪೂರ್ಣವಾಗಿ ಗಟ್ಟಿಯಾಗಲು ಹಲವು ದಿನಗಳು ಬೇಕು. ಆತುರದಿಂದ ಮುಟ್ಟಿದರೆ ಬೆರಳಚ್ಚು ಉಳಿಯುತ್ತದೆ.

ಗಟ್ಟಿಯಾದ ಬಳಿಕ 2000 ಅಂಕದ ವಾಟರ್ ಪೇಪರನ್ನು ನೀರಿನಲ್ಲಿ ತೋಯಿಸಿ ಹಗುರವಾಗಿ ಉಜ್ಜಬೇಕು. ಆಗ ಮೈ ಮಂಕಾಗಿ ಕಂಡರೂ ಎದೆಗುಂದಬೇಕಾಗಿಲ್ಲ. ಉಬ್ಬುತಗ್ಗುಗಳು ಸವೆದು ಸಮವಾಗುತ್ತಿವೆ ಎಂಬುದಕ್ಕೆ ಅದೇ ಗುರುತು. ಏಣುಗಳ ಮೇಲೆ ಬಣ್ಣ ತೆಳುವಾಗಿರುವುದರಿಂದ ಅಲ್ಲಿ ಕೈ ತಡೆಯಬೇಕು. ಕೊನೆಗೆ ಮೆದುಬಟ್ಟೆಯಿಂದ ಪಾಲಿಷ್ ತಿಕ್ಕಿದಾಗ ಗೀರುಗಳು ಅಳಿದು ಹೊಳಪು ಮೂಡುತ್ತದೆ.

ಬೆಳಕಿನ ಪ್ರತಿಫಲನ, ದ್ರಾವಕದ ಗುಣ, ಘರ್ಷಣೆಯ ಫಲ, ಇವು ಮೂರನ್ನೂ ವಿದ್ಯಾರ್ಥಿಯು ಇಲ್ಲಿ ಕೈಯಾರೆ ಕಲಿಯುತ್ತಾನೆ, ಕಾಯುವುದನ್ನೂ ಕಲಿಯುತ್ತಾನೆ.